ಒಂದೇ ಬಣ್ಣ, ಬೇರೆ ಬುದ್ಧಿ

ಅಮೆರಿಕದಿಂದ ಹಡಗೇರಿ ಬ್ರಿಟನ್ನಿಗೆ ಬಂದ ಪಿಕಪ್ ಗಾಡಿಗೆ ಅಲ್ಲಿನ ಕ್ಯಾರವಾನ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಚಕ್ರದ ಮನೆ, ಕಟ್ಟುವುದೆಂದರೆ ಬೀಗತನ ಬೆಳೆಸಿದ ಹಾಗೆ. ಎರಡೂ ಕಡೆಯವರದು 12 ವೋಲ್ಟ್. ಹಿಂದಿನ ದೀಪ ಮುಂತಾದವಕ್ಕೆ ಎರಡೂ ಕಡೆ ಏಳೇಳು ತಂತಿ. ಬಣ್ಣಗಳೂ ಬಹುಪಾಲು ಅವೇ. ಜಾತಕ ಕೂಡಿತೆಂದು ತಾಂಬೂಲ ಬದಲಾಯಿಸಿಕೊಂಡು, ನೀಲಿಗೆ ನೀಲಿ, ಕಪ್ಪಿಗೆ ಕಪ್ಪು ಜೋಡಿಸಿ ಕೈತೊಳೆದುಕೊಂಡವರಿಗೆ ಅಸಲು ಸಂಗತಿ ತಿಳಿಯುವುದು ಮೊದಲ ಸಲ ಬ್ರೇಕ್ ಒತ್ತಿದಾಗ.

ನೀಲಿಯನ್ನೇ ನೋಡಿ. ಅಮೆರಿಕದ ಏಳು ಪಿನ್ನಿನ ಪ್ಲಗ್ಗಿನಲ್ಲಿ ನೀಲಿ ತಂತಿ ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕಿನದು. ಬ್ರಿಟನ್ನಿನ ಕ್ಯಾರವಾನಿಗೆ ಅದು ಬೇಕಿಲ್ಲ. ಮುಂದಿನ ಗಾಡಿ ನಿಧಾನಿಸಿದಾಗ ಕ್ಯಾರವಾನ್ ತಾನೇ ಮುಂದಕ್ಕೆ ನೂಕುತ್ತದೆ, ಆ ನೂಕಿಗೆ ಕೊಂಡಿ ಒಳಸರಿದು ಸರಳನ್ನೆಳೆದು ಬ್ರೇಕ್ ಹಿಡಿಯುತ್ತದೆ. ಅಲ್ಲಿನ 12ಎನ್ ಎಂಬ ಏಳು ಪಿನ್ನಿನ ಸಾಕೆಟ್ಟಿನ 2ನೇ ಪಿನ್, ಅಂದರೆ ನೀಲಿ, ಹಿಂದಿನ ಫಾಗ್ ಲ್ಯಾಂಪಿಗೆ ಮೀಸಲು. ಇವೆರಡನ್ನು ಜೋಡಿಸಿ, ಕ್ಯಾಬಿನ್ನಿನಲ್ಲಿ ಟ್ರೇಲರಿನ ಬ್ರೇಕಿಗೆ ಕರೆಂಟ್ ಕಳಿಸುವ ಬ್ರೇಕ್ ಕಂಟ್ರೋಲರ್ ಇದ್ದರೆ, ಚಾಲಕ ಬ್ರೇಕ್ ಒತ್ತಿದಾಗಲೆಲ್ಲ ಮಟಮಟ ಮಧ್ಯಾಹ್ನದಲ್ಲೂ ಫಾಗ್ ಲ್ಯಾಂಪ್ ಉರಿಯುತ್ತದೆ. ಬ್ರೇಕಿನ ಜೋರಿಗೆ ತಕ್ಕಂತೆ ಕಂಟ್ರೋಲರ್ ಕರೆಂಟ್ ಏರಿಸುವುದರಿಂದ ಬೆಳಕೂ ಹಂತಹಂತವಾಗಿ ಏರುತ್ತದೆ, ಮಂಗಳಾರತಿಯ ಹಾಗೆ. ಕಂಟ್ರೋಲರ್ ಇಲ್ಲದಿದ್ದರೆ ನೀಲಿ ತಂತಿ ಸತ್ತಂತೆ. ನಿಜವಾಗಿ ಮಂಜು ಬಿದ್ದ ದಿನ ದೀಪವೇ ಇಲ್ಲ.

ಕಪ್ಪಿನದು ಇನ್ನೊಂದು ಕಥೆ. ಅಮೆರಿಕದಲ್ಲಿ ಅದು ಬ್ಯಾಟರಿಯಿಂದ ಬರುವ 12 ವೋಲ್ಟ್, ಬ್ರಿಟನ್ನಿನಲ್ಲಿ 7ನೇ ಪಿನ್, ಎಡಗಡೆಯ ಟೈಲ್ ಲ್ಯಾಂಪ್. ಜೋಡಿಸಿದರೆ ಕ್ಯಾರವಾನಿನ ಎಡಗಣ್ಣು ಹಗಲಿರುಳು ತೆರೆದೇ ಇರುತ್ತದೆ. 5 ವ್ಯಾಟಿನ ಬಲ್ಬ್ ಎಳೆಯುವುದು ಸುಮಾರು 0.42 ಆಂಪಿಯರ್, ದಿನಕ್ಕೆ 10 ಆಂಪಿಯರ್-ಅವರ್. ಕೊಂಡಿ ಕಳಚದೆ ಮೂರು ದಿನ ಬಿಟ್ಟರೆ 60ರ ಬ್ಯಾಟರಿ ಅರ್ಧ ಖಾಲಿ. ಕಂದು ಬಣ್ಣ ಅಮೆರಿಕದಲ್ಲಿ ಎರಡೂ ಟೈಲ್ ಲ್ಯಾಂಪಿಗೆ ಸೇರಿದ್ದು, ಬ್ರಿಟನ್ನಿನಲ್ಲಿ 5ನೇ ಪಿನ್, ಬಲಗಡೆಯದಕ್ಕೆ ಮಾತ್ರ. ಆದ್ದರಿಂದ ಗಾಡಿಯ ಕಂದನ್ನು ಎರಡು ಕವಲು ಮಾಡಿ 5ಕ್ಕೂ 7ಕ್ಕೂ ಕೊಡಬೇಕು. ಕಪ್ಪನ್ನು ಸುತ್ತಿ, ತುದಿಗೆ ಇನ್ಸುಲೇಷನ್ ಹಾಕಿ ಕೂರಿಸಬೇಕು. ಬಿಳಿ ಮಾತ್ರ ಎರಡೂ ಕಡೆ ಅರ್ಥಿಂಗ್. ಬೀಗರಿಬ್ಬರೂ ತಕರಾರಿಲ್ಲದೆ ಒಪ್ಪಿದ್ದು ಅದೊಂದೇ.

ಇಷ್ಟೂ ಪ್ಲಗ್ಗಿನ ಬಣ್ಣದ ಮಾತಾಯಿತು. ಗಾಡಿಯೊಳಗಿನ ವೈರಿಂಗಿಗೆ ಪ್ರತಿ ಕಂಪನಿಯೂ ತನ್ನದೇ ಬಣ್ಣ ಬಳಿದಿರುತ್ತದೆ. ಅಲ್ಲಿ ಕಣ್ಣನ್ನು ನಂಬದೆ ಟೆಸ್ಟ್ ಲ್ಯಾಂಪನ್ನೇ ನಂಬಬೇಕು.

ನಿಜವಾದ ತಲೆನೋವು ಹಳದಿ ಮತ್ತು ಹಸಿರು. ಹಳದಿ ಎಡ, ಹಸಿರು ಬಲ, ಎರಡೂ ದೇಶಗಳಲ್ಲಿ ಹಾಗೇ. ಭೇಷ್ ಎನ್ನುವಷ್ಟರಲ್ಲಿ ಕೊಕ್ಕೆ. ಬಹಳಷ್ಟು ಅಮೆರಿಕನ್ ಗಾಡಿಗಳಲ್ಲಿ ಬ್ರೇಕ್ ಲೈಟಿಗೂ ಇಂಡಿಕೇಟರಿಗೂ ಒಂದೇ ಕೆಂಪು ದೀಪ. ವಠಾರದ ಒಂದೇ ಕೋಣೆಯಲ್ಲಿ ಇಬ್ಬರು ಬಾಡಿಗೆದಾರರು. ಬ್ರೇಕ್ ಒತ್ತಿದರೆ ಎರಡೂ ಬದಿ ಸ್ಥಿರವಾಗಿ ಉರಿಯುತ್ತವೆ. ಜೊತೆಗೆ ಎಡಕ್ಕೆ ಇಂಡಿಕೇಟರ್ ಹಾಕಿದರೆ ಎಡದ್ದು ಮಿನುಗುತ್ತದೆ, ಬಲದ್ದು ಬ್ರೇಕ್ ತೋರಿಸುತ್ತಾ ನಿಲ್ಲುತ್ತದೆ. ಆ ತಂತಿಗಳನ್ನು ನೇರವಾಗಿ 1 ಮತ್ತು 4ನೇ ಪಿನ್ನಿಗೆ ಕೊಟ್ಟರೆ, ಬ್ರೇಕ್ ಒತ್ತಿದಾಗ ಕ್ಯಾರವಾನಿನ ಕಿತ್ತಳೆ ಇಂಡಿಕೇಟರ್ ಎರಡೂ ಮಿಟುಕಿಸದೆ ದಿಟ್ಟಿಸಿ ನೋಡುತ್ತವೆ, ಕೆಂಪು ಬ್ರೇಕ್ ಲೈಟು ಕತ್ತಲಲ್ಲಿ ಕೂತಿರುತ್ತದೆ. ಏಕೆಂದರೆ ಬ್ರೇಕಿಗೆ ಬೇಕಾದ 6ನೇ ಪಿನ್ನಿನ ಕೆಂಪು ತಂತಿಗೆ ಅಮೆರಿಕದ ಪ್ಲಗ್ಗಿನಲ್ಲಿ ಜೋಡಿಯೇ ಇಲ್ಲ.

ಇಲ್ಲಿ ಜನ ಕನ್ವರ್ಟರ್ ಡಬ್ಬಿ ಕೊಳ್ಳಲು ಓಡುತ್ತಾರೆ, ಹತ್ತರಲ್ಲಿ ಎಂಟು ಸಲ ತಲೆಕೆಳಗಾದದ್ದನ್ನೇ ತರುತ್ತಾರೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಬ್ರೇಕ್, ಎಡ, ಬಲ ಎಂಬ ಮೂರನ್ನು ಎರಡಾಗಿ ಬೆರೆಸುವ ಡಬ್ಬಿ; ಅಂದರೆ ಯುರೋಪಿನ ಗಾಡಿಗೆ ಅಮೆರಿಕದ ಟ್ರೇಲರ್. ನಮಗೆ ಬೇಕಿರುವುದು ಬೆರೆತದ್ದನ್ನು ಬೇರ್ಪಡಿಸುವುದು. ಮೊದಲಿನದನ್ನು ಹಿಂದುಮುಂದಾಗಿ ಜೋಡಿಸಿದರೆ ಬೇರ್ಪಡಿಸುವುದಿಲ್ಲ. ಸಾಂಬಾರಿನಿಂದ ಉಪ್ಪು ವಾಪಸು ಬರುತ್ತದೆಯೇ? ಬೇರ್ಪಡಿಸುವ ಡಬ್ಬಿಯೂ ಸಿಗುತ್ತದೆ. ಆದರೆ ಎರಡೂ ಬದಿ ಒಟ್ಟಿಗೆ ಹೊತ್ತಿದ ಕ್ಷಣದಲ್ಲಿ ಅದು ಬ್ರೇಕೋ, ಹಜಾರ್ಡ್ ಲೈಟಿನ ಮೊದಲ ಮಿನುಗೋ ಎಂದು ಡಬ್ಬಿ ಊಹಿಸಬೇಕಾಗುತ್ತದೆ. ಬ್ರೇಕ್ ವಿಷಯದಲ್ಲಿ ಊಹಾಪೋಹ ಒಳ್ಳೆಯದಲ್ಲ.

ಇದಕ್ಕಿಂತ ನೇರವಾದ ದಾರಿ ಗಾಡಿಯ ಹಿಂದಿನ ಗಾಜಿನ ಮೇಲೆಯೇ ಇದೆ. ಅಮೆರಿಕದಲ್ಲಿ ಮಧ್ಯದ ಮೂರನೇ ಬ್ರೇಕ್ ಲೈಟು ಕಾರುಗಳಿಗೆ 1986ರ ಮಾಡೆಲ್‌ನಿಂದ, ಪಿಕಪ್‌ಗಳಿಗೆ 1994ರಿಂದ ಕಡ್ಡಾಯ. ಅದು ಇಂಡಿಕೇಟರಿನ ಸಹವಾಸಕ್ಕೆ ಹೋಗುವುದೇ ಇಲ್ಲ, ಬ್ರೇಕ್ ಒತ್ತಿದಾಗ ಮಾತ್ರ ಉರಿಯುತ್ತದೆ. 6ನೇ ಪಿನ್ನಿಗೆ ಸಂಕೇತ ಅಲ್ಲಿಂದ ತೆಗೆದುಕೊಳ್ಳಿ. ಇಂಡಿಕೇಟರಿನದನ್ನು, ಬ್ರಿಟನ್ನಿನ ರಸ್ತೆಗಿಳಿಸಲು ಹೊಸದಾಗಿ ಕೂರಿಸಿದ ಕಿತ್ತಳೆ ದೀಪದ ತಂತಿಯಿಂದ. ಫಾಗ್ ಲ್ಯಾಂಪಿನದನ್ನು, ಅದೇ ಕಾರಣಕ್ಕೆ ಹಾಕಿಸಿದ ಸ್ವಿಚ್ಚಿನಿಂದ. ಅಮೆರಿಕದಲ್ಲಿ ಹಿಂದಿನ ಫಾಗ್ ಲ್ಯಾಂಪ್ ಕಡ್ಡಾಯವಲ್ಲ, ಬ್ರಿಟನ್ನಿನಲ್ಲಿ ಕಡ್ಡಾಯ. ಒಂದೇ ಇದ್ದರೆ ಅದು ಮಧ್ಯದಲ್ಲೋ ಬಲಗಡೆಯೋ ಇರಬೇಕು, ಎಡಕ್ಕೆ ಹಾಕಿದರೆ ನಡೆಯದು.

ಸಂಕೇತ ಎಂದೆನೇ ಹೊರತು ಕರೆಂಟ್ ಎನ್ನಲಿಲ್ಲ. ಹೊಸ ಗಾಡಿಗಳ ಕಂಪ್ಯೂಟರ್ ಶಾನುಭೋಗರಂತೆ ಒಂದೊಂದು ಬಲ್ಬಿನ ಲೆಕ್ಕ ಬರೆದಿಡುತ್ತದೆ. 21 ವ್ಯಾಟಿನ ನೆಂಟರು ಹೇಳದೆ ಕೇಳದೆ ಪಂಕ್ತಿಗೆ ಕೂತರೆ ದೋಷದ ದೀಪ ಹೊತ್ತಿಸಿ ಊಟವನ್ನೇ ನಿಲ್ಲಿಸಬಹುದು. ಬೈಪಾಸ್ ರಿಲೇ ಹಾಕಿದರೆ ಈ ರಗಳೆಯಿಲ್ಲ. ಅದು ಗಾಡಿಯ ತಂತಿಯಿಂದ ಸುದ್ದಿ ಮಾತ್ರ ಕೇಳಿಸಿಕೊಂಡು, ಟ್ರೇಲರಿನ ದೀಪಗಳಿಗೆ ಕರೆಂಟನ್ನು ಬ್ಯಾಟರಿಯಿಂದ ನೇರ ತರುತ್ತದೆ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ಅಲ್ಲಿಂದ 2.5 ಚದರ ಮಿಲಿಮೀಟರ್ ತಂತಿ. ಫ್ಯೂಸನ್ನು ಹಿಂಬದಿಯಲ್ಲಿ, ರಿಲೇ ಹತ್ತಿರ ಹಾಕಿದರೆ ನಡುವಿನ ನಾಲ್ಕೈದು ಮೀಟರ್ ತಂತಿಗೆ ಕಾವಲುಗಾರನೇ ಇಲ್ಲ. ಒಂದು ಅಡ್ಡ ಪರಿಣಾಮ ಗಮನದಲ್ಲಿರಲಿ: ಕ್ಯಾರವಾನಿನ ಇಂಡಿಕೇಟರ್ ಸುಟ್ಟುಹೋದರೂ ಗಾಡಿಗೆ ತಿಳಿಯುವುದಿಲ್ಲ. ಹಾಗಾಗಿ ಚಾಲಕನಿಗೆ ತಿಳಿಸುವ ಬಜರ್ ಅಥವಾ ಸಣ್ಣ ದೀಪ ಇರಲೇಬೇಕು. ಮಿನುಗು ನಿಮಿಷಕ್ಕೆ 60ರಿಂದ 120ರೊಳಗೆ ಇರಬೇಕೆಂಬುದೂ ನಿಯಮ.

ತಂತಿ ಕಚ್ಚಿಸಲು ನೀಲಿ ಪ್ಲಾಸ್ಟಿಕ್ಕಿನ ಕ್ಲಿಪ್ ಬಲು ಸುಲಭ. ಇಕ್ಕಳದಲ್ಲಿ ಒಂದು ಸಲ ಒತ್ತಿದರೆ ಸಾಕು. ಅದು ತಂತಿಯ ನಾಲ್ಕು ಎಳೆ ಕತ್ತರಿಸಿ, ಉಳಿದವಕ್ಕೆ ನೀರಿನ ದಾರಿ ತೋರಿಸುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಎರಚುತ್ತಾರೆ. ಎರಡು ಚಳಿಗಾಲದಲ್ಲಿ ತಾಮ್ರಕ್ಕೆ ಕಿಲುಬು ಹಿಡಿದು, ಒಳಗೆ ಹಸಿರು ಪುಡಿ ಮಾತ್ರ ಉಳಿಯುತ್ತದೆ. ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿ, ಅಥವಾ ಒಳಗೆ ಅಂಟು ಸವರಿದ, ಇಕ್ಕಳದಲ್ಲಿ ಒತ್ತಿ ಕೂಡಿಸುವ ಕ್ರಿಂಪ್ ಬಳಸಿ.

ಅರ್ಥಿಂಗನ್ನು ಎಲ್ಲರೂ ಕಡೆಗಣಿಸುತ್ತಾರೆ. ಮಳೆಯ ರಾತ್ರಿ ಟೈಲ್ ಲ್ಯಾಂಪ್ 10 ವ್ಯಾಟ್, ಬ್ರೇಕ್ 42, ಇಂಡಿಕೇಟರ್ 21, ಫಾಗ್ 21 ಒಟ್ಟಿಗೆ ಉರಿದರೆ 94 ವ್ಯಾಟ್. ಸುಮಾರು 8 ಆಂಪಿಯರ್ ಪೂರ್ತಿ 3ನೇ ಪಿನ್ನಿನ ಬಿಳಿ ತಂತಿಯೊಂದರಲ್ಲೇ ವಾಪಸಾಗಬೇಕು. ಅದನ್ನು ಗಾಡಿಯ ಮೈಗೆ ಬಳಿದ ಬಣ್ಣದ ಮೇಲೆಯೇ ಸ್ಕ್ರೂ ಬಿಗಿದು ಕೂರಿಸಿದರೆ, ದಾರಿ ಸಿಗದ ಕರೆಂಟ್ ಬೇರೆ ಬಲ್ಬುಗಳ ಮೂಲಕ ಹಿತ್ತಲ ಬಾಗಿಲು ಹುಡುಕುತ್ತದೆ. ಎಡಕ್ಕೆ ಇಂಡಿಕೇಟರ್ ಹಾಕಿದಾಗ ಟೈಲ್ ಲ್ಯಾಂಪೂ ತಾಳ ಹಾಕಿತೆಂದರೆ ರಿಲೇ ಬಿಚ್ಚಲು ಹೋಗಬೇಡಿ. ಲೋಹ ಹೊಳೆಯುವವರೆಗೆ ಉಜ್ಜಿ, ರಿಂಗ್ ಟರ್ಮಿನಲ್ ಬಿಗಿದು, ಮೇಲೆ ಗ್ರೀಸ್ ಸವರಿ.

ಪರೀಕ್ಷೆಗೆ ಮಲ್ಟಿಮೀಟರ್ ಒಂದನ್ನೇ ಹಿಡಿದವರು ಮೋಸಹೋಗುತ್ತಾರೆ. ಒಂದೇ ಎಳೆ ಉಳಿದ ತಂತಿಯಲ್ಲೂ ಅದು 12 ವೋಲ್ಟ್ ತೋರಿಸಿ ನಗುತ್ತದೆ. 21 ವ್ಯಾಟಿನ ಬಲ್ಬ್ ಹಚ್ಚಿ ನೋಡಿ, ಬಣ್ಣ ಬಯಲಾಗುತ್ತದೆ. ಒಂದೊಂದೇ ದೀಪ ನೋಡಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಹಚ್ಚಿ ನೋಡಬೇಕು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ರಾತ್ರಿ ಮಂಡ್ಯದ ರಸ್ತೆಯಲ್ಲಿ ಹೋದವರಿಗೆ ಗೊತ್ತು, ಟ್ರೇಲರಿಗೆ ದೀಪವೆನ್ನುವುದು ದೇವರ ದಯೆ. ಬ್ರಿಟನ್ನಿನ ಪೊಲೀಸರಿಗೆ ಆ ದೇವರ ಪರಿಚಯವಿಲ್ಲ.

2008ರಿಂದೀಚಿನ ಕ್ಯಾರವಾನಾದರೆ 13 ಪಿನ್ನಿನ ಪ್ಲಗ್ ಬಂದಿರುತ್ತದೆ. ಮೊದಲ ಏಳು ಪಿನ್ ಹಳೆಯವೇ, 8 ರಿವರ್ಸ್ ಲೈಟು, 9 ಸದಾ ಇರುವ 12 ವೋಲ್ಟ್. ಆಗ ಸುತ್ತಿಟ್ಟ ಆ ಕಪ್ಪು ತಂತಿಗೂ ಕೊನೆಗೊಂದು ಕೆಲಸ ಸಿಕ್ಕಂತಾಯಿತು, 13ನೇ ಪಿನ್ನಿಗೆ ಅದರ ಅರ್ಥಿಂಗನ್ನು ಬೇರೆಯಾಗಿಯೇ ಕೊಡುವುದಾದರೆ.

ಎಲ್ಲ ದೀಪವೂ ಸರಿಯಾಗಿ ಉರಿದು, ಕ್ಯಾರವಾನನ್ನು ತಳ್ಳಿಕೊಂಡು ಬಂದು ಕೊಂಡಿ ಇಳಿಸಿದರೆ ಅದು ಗಾಡಿಯ ಹಿಂದಿರುವ ಜೋಡಣೆಯ ಗುಂಡಿನ ಮೇಲೆ ಕೂರುವುದಿಲ್ಲ. ಗಾಡಿಯ ಜೊತೆ ಬಂದ ಗುಂಡು 2 ಇಂಚಿನದು, ಅಂದರೆ 50.8 ಮಿಲಿಮೀಟರ್. ಕ್ಯಾರವಾನಿನ ಕೊಂಡಿ ಸರಿಯಾಗಿ 50ರದು. ಸುತ್ತಿಗೆ ಕೆಳಗಿಡಿ, 50ರ ಗುಂಡು ತಂದು ಬದಲಾಯಿಸಬೇಕು.