ನೂರು ಎಂಬಿಯ ಹೆಬ್ಬಾಗಿಲು

ಬಟನ್ ಒತ್ತಿ, ಹೋಗಿ ಒಂದು ಪ್ಲೇಟ್ ಬೆಣ್ಣೆದೋಸೆ ತಿಂದು, ಮೇಲೊಂದು ಖಾಲಿದೋಸೆಗೂ ಹೇಳಿ ಮುಗಿಸಿ ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇವೆ ಎಂದರೆ, ದಾವಣಗೆರೆಯಲ್ಲಿ ಆ ಲ್ಯಾಪ್‌ಟಾಪನ್ನು ಯಾರೂ ಕ್ಷಮಿಸುವುದಿಲ್ಲ. ಪಾಪ, ಒಳಗಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ಹಾಕುತ್ತಿರುತ್ತದೆ. ಬೇಕಾದ ಫೈಲು ಎಲ್ಲಿದೆಯೆಂದು ಅದರ ಹೆಡ್ಡು ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಚಿಪ್ಪುಗಳಲ್ಲೇ ಫೈಲು ಇಟ್ಟುಕೊಳ್ಳುವ ಎಸ್‌ಎಸ್‌ಡಿಯಲ್ಲಿ ಸುತ್ತುವುದೂ ಇಲ್ಲ, ಓಡುವುದೂ ಇಲ್ಲ. ಹಾಗಾಗಿ ವಿಂಡೋಸನ್ನು ಅಲ್ಲಿಗೆ ಸಾಗಿಸೋಣ ಎಂಬ ತೀರ್ಮಾನ.

ಮೊದಲ ಎಡವಟ್ಟು ಅಂಗಡಿಯಲ್ಲೇ. ಎಂ.2 ಎಂಬ ಪಟ್ಟಿಯಂಥ ಎಸ್‌ಎಸ್‌ಡಿ ಸಾಮಾನ್ಯವಾಗಿ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಅದಕ್ಕೇ 2280 ಅನ್ನುವುದು. ಹಳೆಯ ಕೆಲವು ಲ್ಯಾಪ್‌ಟಾಪ್‌ಗಳ ಎಂ.2 ಸ್ಲಾಟಿಗೆ ಸಾಟಾ ಎಂಬ ಹಳೆಯ ಭಾಷೆ ಮಾತ್ರ ಬರುತ್ತದೆ. ಎನ್‌ವಿಎಂಇ ಎಂಬ ಹೊಸ ಭಾಷೆಯದನ್ನು ತಂದು ಕೂರಿಸಿದರೆ ಕೆಲವು ಸಲ ಹೇಳಿ ಮಾಡಿಸಿದಂತೆ ಕೂರುತ್ತದೆ, ಆದರೆ ಲ್ಯಾಪ್‌ಟಾಪನ್ನು ಮೊದಲು ಎಬ್ಬಿಸುವ ಬಯಾಸ್ ಗುರುತೇ ಹಿಡಿಯುವುದಿಲ್ಲ. ಮಾಡೆಲ್ ನಂಬರ್ ಹಾಕಿ ನೋಡಿಕೊಂಡೇ ಹೋಗಬೇಕು. ಎರಡೂವರೆ ಇಂಚಿನ ಎಸ್‌ಎಸ್‌ಡಿಯಾದರೆ 7 ಮಿ.ಮೀ. ದಪ್ಪ, ಹಳೆಯ ಡಿಸ್ಕು 9.5 ಇದ್ದಲ್ಲಿ ಅಲ್ಲಾಡದಂತೆ ಸ್ಪೇಸರ್ ಅಂಟಿಸಬೇಕು. ಇನ್ನು 500 ಜಿಬಿ ಎಂದು ಕೊಂಡದ್ದು 465 ತೋರಿಸಿತೆಂದು ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ತಯಾರಕರದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಮಧ್ಯೆ ಯಾರೂ ಏನೂ ತಿಂದಿಲ್ಲ.

ಹಳೆಯದು 1 ಟಿಬಿ, ಹೊಸದು 500 ಜಿಬಿ, ಒಳಗಿರುವ ಸಾಮಾನು 180 ಜಿಬಿ. ಆರಾಮಾಗಿ ಹಿಡಿಯಬೇಕು. ಆದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವನ್ನು ಹೊಸದರ ಅಳತೆಗೆ ಕುಗ್ಗಿಸಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಮದುವೆ ಮನೆಯಲ್ಲಿ ಊಟದ ಸಾಲಿನ ನಟ್ಟನಡುವೆ ಕುರ್ಚಿ ಹಾಕಿಕೊಂಡ ದೊಡ್ಡಪ್ಪನ ಹಾಗೆ ವಿಂಡೋಸ್ ತನ್ನ ಬಳಕೆಗೆಂದು ಇಟ್ಟುಕೊಂಡ, ಕದಲದ ಪೇಜ್ ಫೈಲ್, ಹೈಬರ್ನೇಷನ್ ಫೈಲ್ ಕೂತಿರುತ್ತವೆ. ಅವೆರಡನ್ನೂ, ಜೊತೆಗೆ ಸಿಸ್ಟಂ ರಿಸ್ಟೋರನ್ನೂ ಸದ್ಯಕ್ಕೆ ಆಫ್ ಮಾಡಿ, ರೀಸ್ಟಾರ್ಟ್ ಮಾಡಿದರೆ ದೊಡ್ಡಪ್ಪ ಏಳುತ್ತಾರೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದನ್ನೂ ಮೊದಲೇ ಆಫ್ ಮಾಡಿ. ಇಲ್ಲವಾದರೆ 48 ಅಂಕಿಯ ಕೀ ಕೇಳುತ್ತದೆ, ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ.

ಕ್ಲೋನ್ ಮಾಡುವಾಗ, ಅಂದರೆ ಹಳೆಯ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ನಕಲಿಸುವಾಗ, ಯಾವುದರಿಂದ ಯಾವುದಕ್ಕೆ ಎಂಬುದನ್ನು ಮೂರು ಸಲ ಓದಿ. ಡಿಸ್ಕ್ 0, ಡಿಸ್ಕ್ 1 ಎಂಬ ಹೆಸರು ನಂಬದೆ ಮಾಡೆಲ್ಲು, ಗಾತ್ರ ನೋಡಿ. ಅದಲುಬದಲಾದರೆ ತಂತ್ರಾಂಶ ತಕರಾರಿಲ್ಲದೆ ಹೊಸ ಡಿಸ್ಕಿನ ಖಾಲಿತನವನ್ನು ನಿಮ್ಮ ಹತ್ತು ವರ್ಷದ ಫೋಟೋಗಳ ಮೇಲೆ ಅಚ್ಚುಕಟ್ಟಾಗಿ ನಕಲಿಸಿ, ‘ಯಶಸ್ವಿ’ ಎನ್ನುತ್ತದೆ. ಚಾರ್ಜರ್ ಹಾಕಿರಲಿ. ಹೊಸ ಡಿಸ್ಕನ್ನು ಜೋಡಿಸಿದ ಯುಎಸ್‌ಬಿ ಕೇಬಲ್ ಸಡಿಲ ಇರಬಾರದು. ನೂರಕ್ಕೆ ತೊಂಬತ್ತೇಳು ಮುಗಿದಾಗಲೇ ಅಪ್ಪಾಜಿ ಬಂದು, "ಇದ್ಯಾಕೆ ದೀಪ ಮಿಣಿಮಿಣಿ ಅಂತೈತಿ?" ಎಂದು ಕೇಬಲ್ ಎತ್ತಿ ನೋಡುವುದು.

ಇಷ್ಟಾದ ಮೇಲೂ ಕಪ್ಪು ಪರದೆ ಬಂದರೆ, ಮನೆ ಸಾಮಾನೆಲ್ಲ ಸಾಗಿಸಿ ಬಾಗಿಲನ್ನು ಹಳೆಯ ಮನೆಯಲ್ಲೇ ಬಿಟ್ಟು ಬಂದಿದ್ದೀರಿ ಎಂದರ್ಥ. ಸಿ ಡ್ರೈವ್ ಒಂದೇ ಕಾಣುತ್ತದೆಂದು ಅದೊಂದನ್ನೇ ನಕಲಿಸುವವರೇ ಹೆಚ್ಚು. ಅದರ ಪಕ್ಕದಲ್ಲಿ ಸಿ, ಡಿ ಎಂಬಂಥ ಅಕ್ಷರವಿಲ್ಲದ, ಸಾಮಾನ್ಯವಾಗಿ ನೂರು ಎಂಬಿಯ, ಇಎಫ್‌ಐ ಪಾರ್ಟಿಷನ್ ಎಂಬ ಡಿಸ್ಕಿನ ಸಣ್ಣ ಪಾಲು ಇರುತ್ತದೆ. ವಿಂಡೋಸನ್ನು ಎಬ್ಬಿಸುವ ಫೈಲುಗಳು ಇರುವುದು ಅಲ್ಲೇ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ನೋಡಿದವರು ಓಬವ್ವನ ಕಿಂಡಿಯನ್ನೂ ನೋಡಿರುತ್ತೀರಲ್ಲ, ಅಷ್ಟು ದೊಡ್ಡ ಕೋಟೆಯ ಹಣೆಬರಹ ನಿಂತದ್ದು ಅಷ್ಟು ಸಣ್ಣ ಸಂದಿಯಲ್ಲಿ. ಇಲ್ಲೂ ಅದೇ ಲೆಕ್ಕ. ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪನ್ನು ಎಬ್ಬಿಸಿ, ಅಂದರೆ ಬೂಟ್ ಮಾಡಿ, ರಿಪೇರಿ ಮಾಡಬಹುದು, ಆದರೆ ಇಡೀ ಡಿಸ್ಕನ್ನೇ ಇನ್ನೊಮ್ಮೆ ಕ್ಲೋನ್ ಮಾಡುವುದರಲ್ಲಿ ತಲೆನೋವು ಕಡಿಮೆ.

ಇದಕ್ಕಿಂತ ತಮಾಷೆಯದು ಇನ್ನೊಂದಿದೆ. ಎಂ.2 ಹಾಕಿದವರು ಹಳೆಯ ಡಿಸ್ಕನ್ನೂ ಒಳಗೇ ಬಿಟ್ಟು ಆನ್ ಮಾಡುತ್ತಾರೆ. ಬಯಾಸ್ ರೂಢಿಯಂತೆ ಹಳೆಯದನ್ನೇ ಎಬ್ಬಿಸುತ್ತದೆ. ಹೊಸದು ಮೂಲೆಯಲ್ಲಿ ನೆಂಟನ ಹಾಗೆ ಸುಮ್ಮನೆ ಕೂತಿರುತ್ತದೆ. "ಅಷ್ಟು ದುಡ್ಡು ಹಾಕಿದ್ರೂ ಸ್ಪೀಡೇ ಇಲ್ಲಲ್ರೀ" ಎಂದು ತಿಂಗಳುಗಟ್ಟಲೆ ಗೊಣಗುವವರ ಲ್ಯಾಪ್‌ಟಾಪಿನಲ್ಲಿ ಆಗಿರುವುದು ಬಹುಪಾಲು ಇದೇ. ಮೊದಲ ಸಲ ಹಳೆಯದನ್ನು ಬಿಚ್ಚಿಟ್ಟೇ ಬೂಟ್ ಮಾಡಿ. ಒಂದೆರಡು ವಾರ ಅದನ್ನು ಫಾರ್ಮ್ಯಾಟ್ ಮಾಡದೆ ಬೀರುವಿನಲ್ಲಿಡಿ.

ಬೂಟ್ ಆಯಿತೆಂದು ಖಾತ್ರಿಯಾದ ಮೇಲೆ ಹಿಂಬದಿ ಮುಚ್ಚುವುದು. ಬಿಚ್ಚುವಾಗಲೇ ಕಾಗದದ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಆಯಾ ಜಾಗದ ಸ್ಕ್ರೂ ಅಲ್ಲಲ್ಲೇ ಇಟ್ಟಿರಬೇಕು. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರೆ ಕೈ ಇಡುವ ಜಾಗದಲ್ಲಿ ಬೊಕ್ಕೆ ಏಳುತ್ತದೆ. ಎಂ.2 ಪಟ್ಟಿ ಒತ್ತಿ ಹಿಡಿಯುವ ಸ್ಕ್ರೂ ಅಂತೂ ಜೀರಿಗೆಗಿಂತ ಸ್ವಲ್ಪ ದಪ್ಪ, ಅಷ್ಟೆ. ಅದನ್ನು ಮಂಡಕ್ಕಿ ತಟ್ಟೆಯ ಪಕ್ಕ ಇಡಲೇಬೇಡಿ. ಎಲ್ಲ ಮುಗಿದು ಒಂದು ಸ್ಕ್ರೂ ಸಾಲದೆಂದು ಟೇಬಲ್ ಕೆಳಗೆ ಟಾರ್ಚ್ ಹಿಡಿದು ಹುಡುಕುತ್ತಿರುವಾಗ, ಮೇಲಿನಿಂದ ಅಪ್ಪಾಜಿಯ ಧ್ವನಿ:

"ಲೇ, ಈ ಮಂಡಕ್ಕಿಗೆ ಯಾವ ಅಂಗಡಿ ಶೇಂಗಾ ಹಾಕೀರೋ? ಹಲ್ಲೇ ಹೋಗ್ತಿತ್ತಲ್ಲೋ!"