ಆ ಮರದ ನೆಲದಲ್ಲಿ ಮರ ಎಷ್ಟಿದೆ?

ಮೈಸೂರಿನ ನಮ್ಮ ಹಳೇ ಮನೆ ಮೇಲೆ ಎರಡು ರೂಮು, ಒಂದು ಚಿಕ್ಕ ಹಾಲ್ ಕಟ್ಟಿಸುತ್ತಿದ್ದೇವೆ. ಗೋಡೆ, ತಾರಸಿ ಮುಗಿಯುವವರೆಗೆ ಎಲ್ಲರೂ ಚೆನ್ನಾಗೇ ಇದ್ದೆವು. ನೆಲದ ಮಾತು ಬಂತು ನೋಡಿ, ಜಗಳ ಶುರು. ಮಗಳು ಅಂಬೆಗಾಲಿಡುತ್ತಾಳೆ, ಇಡೀ ದಿನ ನೆಲದ ಮೇಲೇ ಇರುತ್ತಾಳೆ, ಬಿದ್ದದ್ದನ್ನೆಲ್ಲ ಎತ್ತಿ ಬಾಯಿಗೆ ಹಾಕುತ್ತಾಳೆ. ಕೆಮಿಕಲ್ ಇಲ್ಲದ ನೆಲವೇ ಬೇಕು ಅಂತ ನಾನು ಹಟ ಹಿಡಿದೆ.

ಅಂಗಡಿಗೆ ಹೋದರೆ ಮೊದಲು ತೋರಿಸಿದ್ದು ‘ವುಡನ್ ಫ್ಲೋರಿಂಗ್’. ನೋಡೋಕೆ ತೇಗದ ಹಲಗೆ ಥರಾನೇ ಇದೆ. "ಪೂರ್ತಿ ನ್ಯಾಚುರಲ್ ಮೇಡಂ" ಅಂದರು. ಒಂದು ತುಂಡು ತೆಗೆದುಕೊಂಡು ಅಂಚು ನೋಡಿದೆ. ಮೇಲೆ ಪ್ಲಾಸ್ಟಿಕ್ಕಿನಂಥ ಪದರ, ಅದರ ಕೆಳಗೆ ಮರದ ಫೋಟೋ ಇರುವ ಕಾಗದ, ಒಳಗೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಬೋರ್ಡು. ಲ್ಯಾಮಿನೇಟ್ ಅಂದರೆ ಇದೇ. ಆ ಅಂಟು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ಹಾಸಿದ ಮೇಲೂ ತಿಂಗಳುಗಟ್ಟಲೆ ಅದರಿಂದ ಫಾರ್ಮಾಲ್ಡಿಹೈಡ್ ಅನ್ನೋ ಅನಿಲ ಮನೆಯ ಗಾಳಿಗೆ ಸೇರುತ್ತಾ ಇರುತ್ತದೆ, ಸೆಕೆ, ತೇವ ಇದ್ದರೆ ಇನ್ನೂ ಜಾಸ್ತಿ. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಕಡಿಮೆ ಬಿಡುವ ಬೋರ್ಡೂ ಇದೆ, ಇ-1 ಅಂತ ಗುರುತು ಇರುತ್ತದೆ. ಹಾಗಂದರೆ ಏನು ಅಂತ ಕೇಳಿದ್ದಕ್ಕೆ "ಬೆಸ್ಟ್ ಕ್ವಾಲಿಟಿ ಮೇಡಂ" ಅನ್ನುವ ಉತ್ತರ ಬಂತು. ವಿನೈಲ್ ಶೀಟ್ ಬಿಡಿ, ಅದು ಪಿವಿಸಿ, ಬಿಚ್ಚಿದ ಕೂಡಲೇ ಹೊಸ ರೈನ್‌ಕೋಟಿನ ವಾಸನೆ.

ಮನೆಗೆ ಬಂದು ಇಷ್ಟೆಲ್ಲ ಹೇಳಿದರೆ ಅಮ್ಮ ಕೇಳಿದ್ದು ಒಂದೇ ಮಾತು: "ನೀನು ತೆವಳಿದ ನೆಲಕ್ಕೆ ಏನಾಗಿದೆಯೇ?"

ಕೆಳಗಿನ ಮನೆಯದು ರೆಡ್ ಆಕ್ಸೈಡ್ ನೆಲ. ಸಿಮೆಂಟಿಗೆ ಕೆಂಪು ಪುಡಿ, ಅಂದರೆ ಕಬ್ಬಿಣದ ಆಕ್ಸೈಡ್, ತುಕ್ಕಿನ ನೆಂಟ, ಅದನ್ನು ಕಲಸಿ ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದು. ಮೂರು ತಲೆಮಾರು ಅದರ ಮೇಲೆ ಓಡಾಡಿ ಈಗ ಕನ್ನಡಿ ಥರ ಆಗಿದೆ. ಸಿಮೆಂಟು ಪರಿಸರಕ್ಕೆ ಒಳ್ಳೆಯದಾ ಅಂತ ಕೇಳುತ್ತೀರಿ, ಗೊತ್ತು. ಅಲ್ಲ. ಆದರೆ ಟೈಲ್ಸ್ ಕೆಳಗೂ ಸಿಮೆಂಟೇ ಇರುತ್ತದೆ, ಅದರ ಮೇಲೆ ಸಾವಿರ ಡಿಗ್ರಿಗೂ ಜಾಸ್ತಿ ಬೆಂಕಿಯಲ್ಲಿ ಬೇಯಿಸಿದ ಟೈಲ್ಸ್ ಬೇರೆ.

ಕೊನೆಗೆ ರೂಮುಗಳಿಗೆ ರೆಡ್ ಆಕ್ಸೈಡೇ, ಹಾಲ್‌ಗೆ ಶಹಾಬಾದ್ ಕಲ್ಲು ಅಂತ ಒಪ್ಪಿಗೆ ಆಯಿತು. ಕಲಬುರಗಿ ಕಡೆಯ ಸುಣ್ಣದ ಕಲ್ಲು, ಗಣಿಯಲ್ಲಿ ಪದರ ಪದರವಾಗಿಯೇ ಏಳುತ್ತದೆ, ಸುಡುವ ಕೆಲಸ ಇಲ್ಲ. ಅಷ್ಟು ದೂರದಿಂದ ಲಾರಿಯಲ್ಲಿ ಬರಬೇಕು, ಆ ಡೀಸೆಲ್ ಲೆಕ್ಕ ನಾನು ಮುಚ್ಚಿಡುವುದಿಲ್ಲ. ಒಂದು ಎಚ್ಚರಿಕೆ. ಸುಣ್ಣದ ಕಲ್ಲಿಗೆ ಹುಳಿ ಆಗದು. ನಿಂಬೆರಸ ಬಿದ್ದರೂ ಕಲೆ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಕೆಲಸದವರು ಸಿಮೆಂಟ್ ಕಲೆ ಹೋಗಲಿ ಅಂತ ಆಸಿಡ್ ಸುರಿದು ತೊಳೆದರು, ಕಲ್ಲು ನೊರೆ ನೊರೆ ಬಂದು ಬಿಳಿಚಿಕೊಂಡಿತು, ಇವತ್ತಿಗೂ ಹಾಗೇ ಇದೆ. ಬಚ್ಚಲಿಗೆ ಮಾತ್ರ ಸುಮ್ನೆ ಜಾರದ ಟೈಲ್ಸ್. ಅಮ್ಮನ ಸೊಂಟದ ಮುಂದೆ ನನ್ನ ಆದರ್ಶ ದೊಡ್ಡದಲ್ಲ.

ಇಷ್ಟೆಲ್ಲ ಆಗಿ ಸಿಕ್ಕಿಹಾಕಿಕೊಂಡಿದ್ದು ರೂಮಿನ ರೆಡ್ ಆಕ್ಸೈಡ್ ವಿಷಯದಲ್ಲಿ. ಒಂದು ರೂಮನ್ನು ಒಂದೇ ಸಲಕ್ಕೆ ಮುಗಿಸಬೇಕು, ಇಲ್ಲದಿದ್ದರೆ ಗೆರೆ ಕಾಣುತ್ತದೆ. ಆಮೇಲೆ ವಾರಗಟ್ಟಲೆ ನೀರು ಕಟ್ಟಬೇಕು, ಯಾರೂ ಕಾಲಿಡುವ ಹಾಗಿಲ್ಲ. ನಮ್ಮ ಕಂಟ್ರಾಕ್ಟರ್ ಕೈ ಮುಗಿದರು: "ಬಿರುಕು ಬಿಟ್ಟರೆ ನನ್ನನ್ನೇ ಬೈತೀರಿ ಮೇಡಂ, ಬೇಕಾದರೆ ಮೇಲೊಂದು ಎಪಾಕ್ಸಿ ಕೋಟ್ ಕೊಡೋಣ, ಶೈನಿಂಗ್ ಬರುತ್ತೆ." ಕೆಮಿಕಲ್ ಬೇಡ ಅಂತ ಇಷ್ಟು ದೂರ ಬಂದು ಕೊನೆಗೆ ಎಪಾಕ್ಸಿ ಅನ್ನೋ ಪ್ಲಾಸ್ಟಿಕ್ಕಿನಂಥ ಲೇಪ ಬಳಿಯೋದಾ! ಅಮ್ಮ ಕೆಳಗಿನ ನೆಲಕ್ಕೆ ಇಷ್ಟು ವರ್ಷ ಹಚ್ಚಿದ್ದು ತೆಂಗಿನೆಣ್ಣೆ, ಅಷ್ಟೇ.

ಹುಡುಕಿ ಹುಡುಕಿ ನಂಜನಗೂಡು ಕಡೆ ಒಬ್ಬ ಹಳೇ ಮೇಸ್ತ್ರಿ ಸಿಕ್ಕಿದ್ದಾರೆ. ಎಪ್ಪತ್ತು ದಾಟಿದೆ, ಮಂಡಿ ಊರಿ ಕೂರೋಕೆ ಆಗಲ್ಲ. "ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಡಿ ಸಾಕು, ನಾನು ಹೇಳ್ತೀನಿ, ತಿಕ್ಕೋಕೆ ಇಬ್ಬರು ಹುಡುಗರನ್ನು ಕರೆಸಿ" ಅಂದಿದ್ದಾರೆ. ಸೋಮವಾರ ಬರುತ್ತಾರೆ. ಹುಡುಗರು ಇನ್ನೂ ಒಬ್ಬನೇ ಸಿಕ್ಕಿರೋದು.