ಕರುವಿಗೆ ಟ್ರೇ ಮೇವು: ಹಸಿ ತೂಕ ನಂಬಬೇಡಿ, ಒಣ ತೂಕ ಲೆಕ್ಕ ಹಾಕಿ

ಟ್ರೇ ಮೇವು ಅಂದರೆ ಮಣ್ಣಿಲ್ಲದೆ, ಬರೀ ನೀರಿನಲ್ಲಿ, ಟ್ರೇಯೊಳಗೆ ಮೊಳಕೆ ಬರಿಸಿ ಬೆಳೆಸುವ ಮೇವು (ಹೈಡ್ರೋಪೋನಿಕ್). 1 ಕೆಜಿ ಮುಸುಕಿನ ಜೋಳದಿಂದ ಎಂಟು ದಿನಕ್ಕೆ 5-6 ಕೆಜಿ ಹಸಿರು ಮೇವು ಬರುವುದು ನಿಜ. ಆದರೆ ಹೆಚ್ಚಿದ್ದು ನೀರು. 1 ಕೆಜಿ ಒಣಜೋಳದಲ್ಲಿ ಸುಮಾರು 900 ಗ್ರಾಂ ಒಣ ಅಂಶ (ನೀರು ಬಿಟ್ಟು ಉಳಿಯುವ ಭಾಗ) ಇರುತ್ತದೆ, ಅದೇ ಜೋಳದ ಮೇವಿನಲ್ಲಿ ಉಳಿಯುವುದು ಹೆಚ್ಚುಕಡಿಮೆ 700 ಗ್ರಾಂ. ಮೊಳಕೆ ತನ್ನ ಬೆಳವಣಿಗೆಗೆ ಪಿಷ್ಟವನ್ನು ಸುಟ್ಟುಕೊಳ್ಳುತ್ತದೆ. ಆದ್ದರಿಂದ ಬೋರ್‌ವೆಲ್‌ನಲ್ಲಿ ನೀರಿದ್ದು ಹತ್ತು ಗುಂಟೆ ಜಾಗ ಇರುವವರು ಮೊದಲು ನೇಪಿಯರ್ ಹುಲ್ಲು ನೆಡಿ. ಜಮೀನೇ ಇಲ್ಲದವರಿಗೆ, ಕೋಲಾರದ ಕಡೆ ಬೇಸಿಗೆಯಲ್ಲಿ ಬರೀ ರಾಗಿ ಹುಲ್ಲಿನ ಮೇಲೆ ಕಡಸು ಸಾಕುವವರಿಗೆ ಈ ಮೇವು ನಿಜಕ್ಕೂ ಆಸರೆ.

ಮೂರು ತಿಂಗಳೊಳಗಿನ ಕರುವಿಗೆ ಇದು ಬೇಡವೇ ಬೇಡ. ಹಾಲು, ಕರುಗಳ ಹಿಂಡಿ, ಮೆತ್ತನೆ ಒಣಹುಲ್ಲು ಸಾಕು. ನೀರು ತುಂಬಿದ ಮೇವಿನಿಂದ ಪುಟ್ಟ ಹೊಟ್ಟೆ ತುಂಬಿಬಿಟ್ಟರೆ ಹಿಂಡಿ ತಿನ್ನುವುದಿಲ್ಲ, ಮೈ ಹಿಡಿಯುವುದಿಲ್ಲ. ಮೂರು ತಿಂಗಳು ದಾಟಿದ ಮೇಲೆ ದಿನಕ್ಕೆ ಅರ್ಧ ಕೆಜಿಯಿಂದ ಶುರು ಮಾಡಿ, ಆರು ತಿಂಗಳ ಹೊತ್ತಿಗೆ 2 ಕೆಜಿ, ದೊಡ್ಡ ಕಡಸಿಗೆ 4-5 ಕೆಜಿ. ಯಾವಾಗಲೂ ಕತ್ತರಿಸಿದ ರಾಗಿ ಹುಲ್ಲಿನ ಜೊತೆ ಬೆರೆಸಿಯೇ ಹಾಕಿ. ಇದರಲ್ಲಿ ಸುಣ್ಣದಂಶ ಕಡಿಮೆ, ಖನಿಜ ಮಿಶ್ರಣ ನಿಲ್ಲಿಸಬೇಡಿ.

ಬೀಜದ ವಿಷಯದಲ್ಲಿ ರಾಜಿ ಬೇಡ. ಬಿತ್ತನೆಗೆಂದು ಔಷಧಿ ಹಚ್ಚಿದ ಕೆಂಪು ಬೀಜ ವಿಷ. ಒಡೆದ ಕಾಳು, ತೇಲುವ ಕಾಳು ತೆಗೆದು, 12 ಗಂಟೆ ನೆನೆಸಿ, ಒದ್ದೆ ಗೋಣಿಚೀಲದಲ್ಲಿ ಒಂದು ದಿನ ಕಟ್ಟಿಡಿ. ಮೊಳಕೆ ಇಣುಕಿದ ಮೇಲೆ, ತಳದಲ್ಲಿ ತೂತಿರುವ 3 ಅಡಿ x 2 ಅಡಿ ಟ್ರೇಗೆ ಒಂದೂವರೆ ಕೆಜಿ ಬೀಜದಂತೆ ಹರಡಿ. ಹೆಚ್ಚು ಸುರಿದರೆ ನಡುವೆ ಬಿಸಿಯೇರಿ ಬೂಸ್ಟು ಹಿಡಿಯುತ್ತದೆ.

ಬೂಸ್ಟೇ ಇಲ್ಲಿ ದೊಡ್ಡ ಶತ್ರು. ಮೂರನೇ ದಿನ ಬೇರಿನ ಸುತ್ತ ಬಿಳಿ ನೂಲಿನಂಥದ್ದು ಕಂಡರೆ ಗಾಬರಿ ಬೇಡ, ನೀರು ಚಿಮುಕಿಸಿ ನೋಡಿ. ಅಂಟಿಕೊಂಡು ಮರೆಯಾದರೆ ಅದು ಬೇರಿನ ರೋಮ. ಅಲ್ಲಲ್ಲಿ ಬೂದು, ಹಸಿರು, ಕಪ್ಪು ತೇಪೆಯಾಗಿ ಉಳಿದರೆ ಬೂಸ್ಟು. ಕೆಲವು ಜಾತಿಯ ಬೂಸ್ಟು ದನದ ನರಕ್ಕೇ ಹೊಡೆಯುತ್ತದೆ: ನಡುಕ, ಹಿಂಗಾಲು ಸೋಲುವುದು, ಸಾವು. ಮೇಲಿನ ತೇಪೆ ಕಿತ್ತು ಉಳಿದದ್ದನ್ನು ಹಾಕುವುದು ತಪ್ಪು, ಇಡೀ ಟ್ರೇ ಗೊಬ್ಬರದ ಗುಂಡಿಗೆ ಹೋಗಲಿ. ಟ್ರೇಗಳನ್ನು ಪ್ರತಿ ಸಲ ಬ್ಲೀಚಿಂಗ್ ಪುಡಿ ನೀರಿನಲ್ಲಿ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿ. ಟ್ರೇ ಇಡುವ ಶೇಡ್ ನೆಟ್ (ನೆರಳಿನ ಬಲೆ) ಒಳಗೆ ಗಾಳಿ ಆಡಬೇಕು, ಟ್ರೇಯಲ್ಲಿ ನೀರು ನಿಲ್ಲಬಾರದು.

ಬೇರು ಹೆಣೆದುಕೊಂಡ ಮೇವಿನ ಚಾಪೆ ಎತ್ತಿದಾಗ ತಳ ಬೆಳ್ಳಗಿದ್ದು ಹಸಿ ಜೋಳದ ವಾಸನೆ ಬಂದರೆ ಸರಿ. ಲೋಳೆ, ಹುಳಿ ವಾಸನೆ ಬಂದರೆ ಬೇಡ. ಬೇರು ಸಮೇತ ಬಿಡಿಸಿ ಹಾಕಿ, ಇಲ್ಲದಿದ್ದರೆ ಕರು ಎಲೆ ತಿಂದು ಬೇರು ಬಿಡುತ್ತದೆ. ಸಗಣಿ ತೆಳುವಾದರೆ ಎರಡು ದಿನ ಅರ್ಧಕ್ಕೆ ಇಳಿಸಿ, ಒಣಹುಲ್ಲು ಹೆಚ್ಚಿಸಿ.